20 ಕೆಜಿ ದಾಟಿದ ಗಾಂಜಾ ಕೇಸಿನಲ್ಲಿ ಶಿಕ್ಷೆ ಎಷ್ಟು?

ಪ್ರಶ್ನೆ (ಸಿಂಧನೂರಿನಿಂದ): ವಕೀಲರೇ, ನಮಸ್ಕಾರ. ನನ್ನ ತಮ್ಮ ಲಾರಿ ಡ್ರೈವರ್. ಅಕ್ಕಿ ಮೂಟೆಗಳ ಕೆಳಗೆ 62 ಕೆಜಿ ಗಾಂಜಾ ಸಿಕ್ಕಿದೆ ಅಂತ ಜೈಲಿಗೆ ಹಾಕಿದ್ದಾರೆ. ಅವನ ಮೇಲೆ ಹಿಂದೆ ಒಂದೂ ಕೇಸಿಲ್ಲ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ತಪ್ಪೊಪ್ಪಿಕೊಂಡರೆ ಎರಡು ಮೂರು ವರ್ಷಕ್ಕೆ ಮುಗಿಯುತ್ತೆ ಅಂತ ಒಬ್ಬರು ಹೇಳಿದರು. ನಿಜಾನಾ?

ಉತ್ತರ: ಅಕ್ಕಾ, ಆ ಮಾತು ಕೇಳಿ ದಯವಿಟ್ಟು ತಪ್ಪೊಪ್ಪಿಗೆ ಕೊಡಿಸಬೇಡಿ. ಇಲ್ಲಿ ಶಿಕ್ಷೆಯ ಲೆಕ್ಕ ಶುರುವಾಗುವುದೇ ತೂಕದಿಂದ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ (ಮಾದಕ ವಸ್ತುಗಳ ಕಾನೂನು) ಗಾಂಜಾ 1 ಕೆಜಿಯವರೆಗೆ ಇದ್ದರೆ ಹೆಚ್ಚೆಂದರೆ 1 ವರ್ಷ. ಅದಕ್ಕಿಂತ ಜಾಸ್ತಿ ಇದ್ದು 20 ಕೆಜಿ ದಾಟದಿದ್ದರೆ 10 ವರ್ಷದವರೆಗೆ. ಅಲ್ಲಿ ಕನಿಷ್ಠ ಅಂತ ಇಲ್ಲ, ಜಡ್ಜ್ ಮನಸ್ಸು ಮಾಡಿದರೆ ಕಡಿಮೆ ಕೊಡಬಹುದು. ಅದರ ಮೇಲಿನದು ವಾಣಿಜ್ಯ ಪ್ರಮಾಣ. 10 ವರ್ಷಕ್ಕೆ ಕಡಿಮೆ ಇಲ್ಲ, 20 ವರ್ಷದವರೆಗೂ ಹೋಗಬಹುದು, ಜೊತೆಗೆ 1ರಿಂದ 2 ಲಕ್ಷ ದಂಡ. 62 ಕೆಜಿ ಸಾಬೀತಾದರೆ ಮಕ್ಕಳ ಮುಖ ನೋಡಿಯೂ ಜಡ್ಜ್ 10ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ.

ಹಾಗಾದರೆ ಹಿಂದೆ ಕೇಸಿಲ್ಲದಿರುವುದು, ಮನೆಯ ಪರಿಸ್ಥಿತಿ ಎಲ್ಲ ವ್ಯರ್ಥವೇ? ಅಲ್ಲ, 10ರಲ್ಲೇ ನಿಲ್ಲಿಸಲು ಅವು ಬೇಕು. ಆಯುಧ ತೋರಿಸಿದ್ದರೆ, ಅಪ್ರಾಪ್ತರನ್ನು ಬಳಸಿದ್ದರೆ, ಶಾಲೆ ಕಾಲೇಜಿನ ಹತ್ತಿರ ಮಾರಿದ್ದರೆ, ದೊಡ್ಡ ಜಾಲದಲ್ಲಿದ್ದರೆ ಜಡ್ಜ್ 10ರಿಂದ ಮೇಲಕ್ಕೆ ಹೋಗಬಹುದು ಅಂತ ಕಲಂ 32ಬಿ ಹೇಳುತ್ತದೆ. ಸಿಕ್ಕ ಮಾಲಿನ ಪ್ರಮಾಣವನ್ನೂ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಅದಕ್ಕೇ ನಾನು ಹೇಳುವುದು, ಶಿಕ್ಷೆಯ ದಿನ ಕೈ ಮುಗಿಯುವುದಕ್ಕಿಂತ ವಿಚಾರಣೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಲಾರಿಯಲ್ಲಿ ಮಾಲು ಸಿಕ್ಕರೆ ಡ್ರೈವರ್‌ಗೆ ಗೊತ್ತಿತ್ತು ಅಂತಲೇ ಕಾನೂನು ಊಹಿಸುತ್ತದೆ. ಗೊತ್ತಿರಲಿಲ್ಲ ಅಂತ ತೋರಿಸುವ ಹೊರೆ ನಿಮ್ಮ ತಮ್ಮನ ಮೇಲಿದೆ. ಬಿಲ್ಟಿ (ಲಾರಿಗೆ ಹೇರಿದ ಸರಕಿನ ರಸೀದಿ) ಎಲ್ಲಿದೆ? ಮಿಲ್ಲಿನಲ್ಲಿ ಲೋಡ್ ಮಾಡಿದ್ದು ಯಾರು? ಟಾರ್ಪಾಲ್ ಕಟ್ಟುವಾಗ ಅವನು ಅಲ್ಲಿದ್ದನಾ, ಊಟಕ್ಕೆ ಹೋಗಿದ್ದನಾ? ಇದನ್ನೆಲ್ಲ ಈಗಲೇ ಬರೆದಿಟ್ಟುಕೊಳ್ಳಿ. ಪಂಚನಾಮೆಯ (ಸಾಕ್ಷಿಗಳ ಎದುರು ಮಾಲು ಹಿಡಿದಾಗ ಬರೆದ ದಾಖಲೆ) ಪ್ರತಿ ತರಿಸಿ ತೂಕ ನೋಡಿ: ಚೀಲ ಸೇರಿಸಿ ತೂಗಿದ್ದಾರಾ, ಸ್ಯಾಂಪಲ್ ಮ್ಯಾಜಿಸ್ಟ್ರೇಟ್ ಎದುರು ತೆಗೆದಿದ್ದಾರಾ?

ಪ್ರಶ್ನೆ (ಅದೇ ಅಕ್ಕ): ಜಾಮೀನು? ಒಳಗೆ ಚೆನ್ನಾಗಿ ನಡೆದುಕೊಂಡರೆ ಬೇಗ ಬಿಡ್ತಾರಾ?

ಉತ್ತರ: ಜಾಮೀನು ಬಹಳ ಕಷ್ಟ. ಇವನು ತಪ್ಪಿತಸ್ಥ ಅಲ್ಲ ಅಂತ ನಂಬಲು ಕಾರಣ ಇದೆ ಅಂತ ಮೊದಲು ಕೋರ್ಟಿಗೆ ಅನ್ನಿಸಬೇಕು. ಆದರೆ 180 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ, ಅವಧಿಯನ್ನೂ ವಿಸ್ತರಿಸದಿದ್ದರೆ, ಜಾಮೀನು ಕೇಳುವ ಹಕ್ಕು ಬರುತ್ತದೆ. ತಾರೀಖು ಗುರುತು ಹಾಕಿಕೊಳ್ಳಿ. ಸನ್ನಡತೆಯ ಮಾಫಿ ಈ ಕಾಯ್ದೆಯಲ್ಲಿ ಇಲ್ಲ. ವಿಚಾರಣೆ ವೇಳೆ ಒಳಗಿದ್ದ ದಿನಗಳು ಮಾತ್ರ ಶಿಕ್ಷೆಯಲ್ಲಿ ಕಳೆಯುತ್ತವೆ. ದಂಡ ಕಟ್ಟದಿದ್ದರೆ ಮತ್ತಷ್ಟು ಜೈಲು.

ಪ್ರಶ್ನೆ (ಲಿಂಗಸುಗೂರಿನಿಂದ): ಸರ್, ಹತ್ತಿ ಹೊಲದ ನಡುವೆ ಗಾಂಜಾ ಗಿಡ ಬೆಳೆದವರಿಗೂ ಇಷ್ಟೇ ಶಿಕ್ಷೆನಾ?

ಉತ್ತರ: ಇಲ್ಲ ತಮ್ಮಾ. ಗಿಡ ಬೆಳೆದಿದ್ದಕ್ಕೆ 10 ವರ್ಷದವರೆಗೆ ಶಿಕ್ಷೆ, 1 ಲಕ್ಷದವರೆಗೆ ದಂಡ. ಕನಿಷ್ಠ ಶಿಕ್ಷೆ ಇಲ್ಲ. ಕಾಯ್ದೆ ಗಾಂಜಾ ಅನ್ನುವುದು ಹೂ ಅಥವಾ ಕಾಯಿ ಬಿಟ್ಟ ತುದಿಗೆ. ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಬೇರು, ಕಾಂಡ, ಮಣ್ಣು ಸಮೇತ ತೂಗಿದ್ದರೆ ವಕೀಲರು ಅದನ್ನು ಪ್ರಶ್ನಿಸಲೇಬೇಕು. ಹಾಗಂತ ಅದು ಸಣ್ಣ ಕೇಸ್ ಅಂದುಕೊಳ್ಳಬೇಡಿ. 10 ವರ್ಷ ಅಂದರೆ ಒಂದು ಮನೆ ಮುಳುಗುವಷ್ಟು ಕಾಲ.

ಪ್ರಶ್ನೆ (ಸಿಂಧನೂರಿನ ಅಕ್ಕ): ಫೀಸಿಗೆ ದುಡ್ಡಿಲ್ಲ ಸರ್.

ಉತ್ತರ: ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುವುದು ಹಕ್ಕು, ಅಕ್ಕಾ. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಎಫ್‌ಐಆರ್ ಪ್ರತಿ ಹಿಡಿದು ನಾಳೆಯೇ ಹೋಗಿ ಅರ್ಜಿ ಕೊಡಿ. ಶಿಕ್ಷೆ ಆದರೂ ಮೇಲ್ಮನವಿ ಇದೆ; ರಾಯಚೂರು ಜಿಲ್ಲೆಗೆ ಹೈಕೋರ್ಟಿನ ಕಲಬುರಗಿ ಪೀಠ. ಅಲ್ಲಿಗೂ ಉಚಿತ ವಕೀಲರನ್ನು ಕೇಳಬಹುದು.