ಅರ್ಹತೆ, ಯೋಗ್ಯತೆ, ಬಲ್ಮೆ: ಕಾಮಗಾರಿ ಹುದ್ದೆಗೊಂದು ಪದ ಬೇಕಿದೆ

ಗೆಳೆಯರೇ,

ಪಟ್ಟಣ ಮಂಡಳಿಯೊಂದರ ಸಭೆಯ ನಡವಳಿಯನ್ನು ಕನ್ನಡಕ್ಕೆ ತರುವ ಕೆಲಸ ಮೈಮೇಲೆ ಹಾಕಿಕೊಂಡಿದ್ದೇನೆ. ರಸ್ತೆ, ಚರಂಡಿ, ನೀರಿನ ಕೊಳವೆ ಎಲ್ಲವನ್ನೂ ನೋಡಿಕೊಳ್ಳುವ ಹುದ್ದೆಯೊಂದು ಖಾಲಿಯಿದೆ. ಅದಕ್ಕೆ ಎಂಥವರು ಬೇಕು ಎಂಬುದರ ಮೇಲೆ ಜಗಳ. ಒಬ್ಬ ಸದಸ್ಯರು ಸಿವಿಲ್ ಎಂಜಿನಿಯರಿಂಗ್ ಪದವಿ ಇಲ್ಲದೆ ಆಗದು ಎನ್ನುತ್ತಾರೆ. ಇನ್ನೊಬ್ಬರು, ಇಪ್ಪತ್ತು ವರ್ಷದಿಂದ ಅಲ್ಲೇ ದುಡಿದ ಮೇಸ್ತ್ರಿಯನ್ನು ತೋರಿಸಿ, 'ಮ್ಯಾನ್‌ಹೋಲ್ ಮುಚ್ಚಳ ತೆಗೆಸುವ ಮೊದಲೇ ಎಲ್ಲಿ ಕಟ್ಟಿಕೊಂಡಿದೆ ಅಂತ ಹೇಳ್ತಾರೆ, ಅವರಿಗೆ ಇನ್ನೇನು ಬೇಕು?' ಎಂದು ಕೇಳುತ್ತಾರೆ. ಮಾತು ಇಷ್ಟೇ. ಅನುವಾದ ಮಾತ್ರ ಮೂರು ದಿನದಿಂದ ಅಲ್ಲೇ ನಿಂತಿದೆ.

ತೊಡಕಿರುವುದು 'ಅರ್ಹತೆ'ಯಲ್ಲಿ. ಅರ್ಜಿ ಹಾಕಲು ಬೇಕಾದದ್ದೂ ಅದೇ, ಕೆಲಸ ಮಾಡಲು ಬೇಕಾದದ್ದೂ ಅದೇ. ನೇಮಕಾತಿ ಪ್ರಕಟಣೆಯಲ್ಲಿ ವಯಸ್ಸಿನಿಂದ ಹಿಡಿದು ಪದವಿಯವರೆಗೆ ಎಲ್ಲವೂ ಅರ್ಹತೆ; ಆಟದಲ್ಲಿ 'ಅರ್ಹತಾ ಸುತ್ತು' ಎಂದರೆ ಒಳಗೆ ಬರುವ ಬಾಗಿಲು. ಮೊದಲನೆಯವರು ಬಾಗಿಲಿನ ಮಾತಾಡುತ್ತಿದ್ದಾರೆ, ಎರಡನೆಯವರು ಕೈಯ ಮಾತಾಡುತ್ತಿದ್ದಾರೆ. ಎರಡಕ್ಕೂ 'ಅರ್ಹತೆ' ಎಂದೇ ಬರೆದರೆ ಇಬ್ಬರೂ ಒಂದನ್ನೇ ಹೇಳುತ್ತ ಸುಮ್ಮನೆ ಕೂಗಾಡುತ್ತಿದ್ದಾರೆ ಅನಿಸುತ್ತದೆ.

ಎರಡನೆಯದಕ್ಕೆ 'ಯೋಗ್ಯತೆ' ಹಾಕಿ ನೋಡಿದೆ. 'ಅಭ್ಯರ್ಥಿಯ ಯೋಗ್ಯತೆಯ ಬಗ್ಗೆ ಸದಸ್ಯರು ಮಾತನಾಡಿದರು.' ಓದಿದ ಗೆಳೆಯರು, 'ಪಾಪ, ಅಷ್ಟೊಂದು ಬೈದರಾ?' ಅಂದರು. ಹಿಂದಿಯಲ್ಲಿ 'ಶೈಕ್ಷಿಕ್ ಯೋಗ್ಯತಾ' ಅರ್ಜಿ ನಮೂನೆಯ ಒಂದು ಕಲಂ, ಯಾರಿಗೂ ನೋವಿಲ್ಲ. ನಮ್ಮಲ್ಲೂ 'ಯೋಗ್ಯ' ಮರ್ಯಾದಸ್ಥನೇ: ಬಳಕೆಗೆ ಯೋಗ್ಯ, ಯೋಗ್ಯ ವರ. ಕೊನೆಗೊಂದು 'ತೆ' ಸೇರಿ, ಮುಂದೆ 'ನಿನ್ನ' ಬಂದು ಕೂತರೆ ಮುಗಿಯಿತು, 'ನಿನ್ನ ಯೋಗ್ಯತೆಗಿಷ್ಟು' ಎಂಬಲ್ಲಿಗೆ ಬಂದು ನಿಲ್ಲುತ್ತದೆ. 'ಲಾಯಕ್ಕು' ಕೂಡ ಹಾಗೇ. 'ನಾಲಾಯಕ್ಕು' ಎಂಬ ತಮ್ಮ ಅದರ ಹೆಸರು ಕೆಡಿಸಿಬಿಟ್ಟಿದ್ದಾನೆ. ಕರಾವಳಿಯಲ್ಲಿ ಅದೇ ಪದ 'ಲಾಯ್ಕ'ವಾಗಿ, ಚೆಂದ ಎಂಬ ಅರ್ಥ ಹೊತ್ತು ಸುಖವಾಗಿದೆ.

ಪದವಿ ಇಲ್ಲದವರನ್ನು 'ಅನರ್ಹರು' ಎನ್ನಲೂ ಮನಸ್ಸು ಬರುತ್ತಿಲ್ಲ. ಅನರ್ಹ ಎಂದರೆ ಒಳಗಿದ್ದು ಹೊರಬಿದ್ದವರು. 2019ರಲ್ಲಿ ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದ ಮೇಲಂತೂ 'ಅನರ್ಹರು' ಎಂದರೆ ಸಾಕಿತ್ತು, ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಮೇಸ್ತ್ರಿಯನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. 'ನಿಗದಿತ ಅರ್ಹತೆ ಇಲ್ಲದವರು' ಎಂದು ಉದ್ದಕ್ಕೆ ಬರೆದಿದ್ದೇನೆ.

ಮೂರನೆಯ ಸದಸ್ಯರು ರಾಜಿಗೆ ಬರುತ್ತಾರೆ: ಪದವಿ, ಇಲ್ಲವೇ ಅದಕ್ಕೆ ಸಮನಾದ ಓದು ಮತ್ತು ಅನುಭವ. ಕೈ ತಾನಾಗಿ 'ತತ್ಸಮಾನ' ಎಂದು ಬರೆಯಿತು, ಬರೆದು ಹೊಡೆದುಹಾಕಿದೆ. ಪ್ರಕಟಣೆ ಓದಿ ಓದಿ ನಮಗೆ ತತ್ಸಮಾನ ಎಂದರೆ ಇನ್ನೊಂದು ಪ್ರಮಾಣಪತ್ರ. ವಿಶ್ವೇಶ್ವರಯ್ಯನವರು 1883ರಲ್ಲಿ ಪುಣೆಯಲ್ಲಿ ಪಾಸು ಮಾಡಿದ್ದು ಎಲ್‌.ಸಿ.ಇ. (ಲೈಸೆನ್ಷಿಯೇಟ್ ಇನ್ ಸಿವಿಲ್ ಎಂಜಿನಿಯರಿಂಗ್) ಪರೀಕ್ಷೆ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಇವತ್ತಿನ 'ಬಿ.ಇ. ಅಥವಾ ತತ್ಸಮಾನ'ದಲ್ಲಿ ಅವರು ಒಳಬರುವುದು ತತ್ಸಮಾನದ ಬಾಗಿಲಿನಿಂದ. ಮೇಸ್ತ್ರಿಗೆ ಆ ಬಾಗಿಲೂ ಇಲ್ಲ, ಅವರ ಹತ್ತಿರ ಇರುವುದು ಕಾಗದವಲ್ಲ. ಕೊನೆಗೆ 'ಪದವಿಗೆ ಸರಿದೂಗುವ ಅನುಭವ' ಎಂದಿಟ್ಟೆ. ತಕ್ಕಡಿ ಕಣ್ಣಿಗೆ ಕಾಣುತ್ತದೆ, ಆ ಕಡೆ ಈ ಕಡೆ ಬೇರೆ ಬೇರೆ ವಸ್ತು ಇರಬಹುದು ಎಂಬುದೂ ಹೊಳೆಯುತ್ತದೆ. ಇದು ಸರಿಯಿಲ್ಲ ಅನ್ನುವವರು ದಯವಿಟ್ಟು ಜಗಳಕ್ಕೆ ಬನ್ನಿ.

ಹುದ್ದೆಯ ಹೆಸರು ಸಣ್ಣ ಸಮಸ್ಯೆ. 'ಅಧೀಕ್ಷಕ' ಎಂದರೆ ಅಧೀಕ್ಷಕ ಅಭಿಯಂತರರ ದೊಡ್ಡ ಕುರ್ಚಿ ನೆನಪಾಗುತ್ತದೆ. 'ಲೋಕೋಪಯೋಗಿ ಮೇಲ್ವಿಚಾರಕ' ಎಂದರೆ ಆ ಮನುಷ್ಯನೇ ಲೋಕಕ್ಕೆ ಉಪಯೋಗಿ (ಇದ್ದರೆ ಒಳ್ಳೆಯದೇ). 'ಕಾಮಗಾರಿ ಮೇಲ್ವಿಚಾರಕ' ಎಂದು ತೀರ್ಮಾನಿಸಿದ್ದೇನೆ. ಮರಾಠಿಯ 'ಕಾಮ್‌ಗಾರ್' ದುಡಿಯುವವನು, ನಮ್ಮ 'ಕಾಮಗಾರಿ' ಕೆಲಸ. ಒಂದೇ ಅಳುಕು: ಕಾಮಗಾರಿ ಎಂದರೆ ಗುತ್ತಿಗೆ, ಬಿಲ್ಲು, ಶಂಕುಸ್ಥಾಪನೆ. ದಿನಾ ಬೆಳಗ್ಗೆ ಎದ್ದು ಗುಂಡಿ ಮುಚ್ಚಿಸುವುದು ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಈಗ ನಿಜವಾದ ಪ್ರಶ್ನೆ. ಎರಡನೆಯ ಸದಸ್ಯರ ಬಾಯಿಗೆ 'ಕೆಲಸ ಬಲ್ಲವರು' ಎಂಬ ಮಾತು ಕೊಟ್ಟಿದ್ದೇನೆ, ಅದು ಚೆನ್ನಾಗಿ ಕೂತಿದೆ. 'ಅವರನ್ನು ಬಲ್ಲೆ' ಎಂದರೆ ತಿಳಿದಿದೆ, 'ಈಜಬಲ್ಲೆ' ಎಂದರೆ ಆಗುತ್ತದೆ. ತಿಳಿಯುವುದೂ ಆಗುವುದೂ ಒಂದೇ ಬೇರಿನಲ್ಲಿ ಇರುವುದು ಇಲ್ಲಿ ನನಗೆ ವರವಾಯಿತು. ಆದರೆ ಸಭೆ ಮುಗಿದ ಮೇಲೆ ನಿರ್ಣಯ ಬರೆಯಬೇಕು, ಅಲ್ಲಿ ನಾಮಪದವೇ ಬೇಕು. 'ಬಲ್ಮೆ' ಹಳಗನ್ನಡದಲ್ಲಿ ಸಲೀಸು, ಕಚೇರಿ ಕಡತದಲ್ಲಿ ಕಿರೀಟ ಹಾಕಿಕೊಂಡು ಬಂದಂತಿರುತ್ತದೆ. 'ಸಾಮರ್ಥ್ಯ' ನೀರಿನ ಟ್ಯಾಂಕಿಗೆ ಹೇಳುವುದು. 'ಪರಿಣತಿ' ಒಪ್ಪಬಹುದಿತ್ತು, ಅದರ ಹಿಂದೆ 'ಕನಿಷ್ಠ' ಬರದಿದ್ದರೆ. ಪಕ್ವವಾದದ್ದನ್ನು ಕನಿಷ್ಠ ಎನ್ನುವುದು ಹೇಗೆ?

ಆ ಸಾಲು ಸದ್ಯಕ್ಕೆ ಹೀಗೆ ನಿಂತಿದೆ: 'ಅರ್ಜಿದಾರರಿಗೆ ಇರಬೇಕಾದ ಕನಿಷ್ಠ ________'. ಬಲ್ಲವರು ತುಂಬಿ ಕೊಡಿ.