ದಶಮಾಂಶಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಕೂರಿಸಲಾಗದೇ?

ಕಡಿಯಾಳಿ, ಉಡುಪಿ:
ವಾಸ್ತವ ಸಂಖ್ಯೆಗಳನ್ನು, ಎಂದರೆ ಮುಗಿಯುವ ಇಲ್ಲವೇ ಮುಗಿಯದ ದಶಮಾಂಶವಾಗಿ ಬರೆಯಬಹುದಾದವನ್ನೆಲ್ಲ, ಪಟ್ಟಿ ಮಾಡಲಾಗದು ಎಂಬ ಮಾತನ್ನು ಕಾಲೇಜಿನಲ್ಲಿ ಕೇಳಿ ಒಪ್ಪಿಕೊಂಡಿದ್ದೆನಾದರೂ, ಪಿಯುಸಿ ಓದುವ ಮಗಳಿಗೆ ಅದನ್ನು ವಿವರಿಸಲಾಗಲಿಲ್ಲ. 0 ಮತ್ತು 1ರ ನಡುವಿನವನ್ನಷ್ಟೇ ತೆಗೆದುಕೊಳ್ಳೋಣ. ಮೊದಲು 0.1ರಿಂದ 0.9, ಆಮೇಲೆ 0.01ರಿಂದ 0.99, ಅನಂತರ ಮೂರು ಸ್ಥಾನದವು, ಹೀಗೆ ಬರೆಯುತ್ತ ಹೋದರೆ ತಪ್ಪಿಹೋಗುವುದು ಯಾವುದು ಎಂಬುದು ಅವಳ ಪ್ರಶ್ನೆ; ಈಗ ನನ್ನದೂ ಹೌದು.

ಕದ್ರಿ, ಮಂಗಳೂರು:
1/3 ತಪ್ಪಿಹೋಗುತ್ತದೆ. 0.3, 0.33, 0.333 ಎಲ್ಲವೂ ಪಟ್ಟಿಯಲ್ಲಿವೆ, ಆದರೆ 1/3 ಇವುಗಳಲ್ಲಿ ಯಾವುದೂ ಅಲ್ಲ. ದಶಮಾಂಶ ಎಲ್ಲೋ ಒಂದೆಡೆ ಮುಗಿಯುವ ಸಂಖ್ಯೆಗಳಿಗೆ ಮಾತ್ರ ನಿಮ್ಮಲ್ಲಿ ಜಾಗವಿದೆ. ಪಟ್ಟಿಯೆಂದರೆ ಮಠದ ಊಟದ ಪಂಕ್ತಿಯಿದ್ದಂತೆ. ಪಂಕ್ತಿಗೆ ಕೊನೆಯಿಲ್ಲದಿದ್ದರೂ ಚಿಂತೆಯಿಲ್ಲ, ಆದರೆ ಪ್ರತಿಯೊಬ್ಬರ ಎಲೆಯೂ ಎಷ್ಟನೆಯದೆಂದು ಹೇಳುವಂತಿರಬೇಕು. ಭಿನ್ನರಾಶಿಗಳಿಗೆ ಹಾಗೆ ಎಲೆ ಹಾಕಬಹುದು: ಅಂಶ ಮತ್ತು ಛೇದಗಳ ಮೊತ್ತ ಚಿಕ್ಕದಿರುವುದನ್ನು ಮೊದಲು ಕೂರಿಸಿ, ಮೊತ್ತ ಒಂದೇ ಆದಲ್ಲಿ ಚಿಕ್ಕ ಅಂಶದ್ದನ್ನು ಮುಂದಿಟ್ಟು, 2/4ರಂತೆ ಮರಳಿ ಬರುವವನ್ನು ಬಿಟ್ಟರೆ 1/2, 1/3, 1/4, 2/3, 1/5 ಎಂದು ಸಾಗುತ್ತದೆ. 3/7ರದು ಹದಿನೈದನೆಯ ಎಲೆ.

ಕಡಿಯಾಳಿ, ಉಡುಪಿ:
ಹಾಗಾದರೆ 1/3ನ್ನು ನನ್ನ ಪಟ್ಟಿಯ ತಲೆಗೆ ಸೇರಿಸಿದರಾಯಿತಲ್ಲ? ಮತ್ತೊಂದು ತಪ್ಪಿದರೆ ಅದನ್ನೂ.

ಮಣಿಪಾಲ:
ಹೊಸಬರೊಬ್ಬರು ಬಂದರೆ ಎಲ್ಲರೂ ಒಂದೊಂದು ಎಲೆ ಸರಿದು ಜಾಗ ಕೊಡಬಹುದು, ಸರ್, ತೊಡಕು ಅಲ್ಲಿಲ್ಲ. ಗಣಿತಜ್ಞ ಕ್ಯಾಂಟರ್ 1891ರಲ್ಲಿ ಮುಂದಿಟ್ಟ ಕರ್ಣದ ವಾದವು ನಿಮ್ಮೊಂದು ಪಟ್ಟಿಯ ಮೇಲಿನ ದೂರಲ್ಲ. ಯಾವ ಪಟ್ಟಿಯನ್ನೇ ತನ್ನಿ, ಮೊದಲ ಸಂಖ್ಯೆಯ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಹೀಗೆ ಓರೆಯಾಗಿ ಇಳಿಯುತ್ತ, 4 ಇದ್ದಲ್ಲಿ 5, ಬೇರೇನಿದ್ದರೂ 4 ಎಂದು ಬರೆಯುತ್ತ ಹೋಗಿ. ಹುಟ್ಟುವ ಸಂಖ್ಯೆಯು ನೂರನೆಯದಕ್ಕಿಂತ ನೂರನೆಯ ಸ್ಥಾನದಲ್ಲಿ ಬೇರೆಯಾಗಿರುತ್ತದೆ, ಸಾವಿರದನೆಯದಕ್ಕಿಂತ ಸಾವಿರದನೆಯ ಸ್ಥಾನದಲ್ಲಿ. ಆದ್ದರಿಂದ ಅದು ಪಟ್ಟಿಯಲ್ಲಿ ಎಲ್ಲಿಯೂ ಇರಲಾರದು. (0.5 ಮತ್ತು 0.4999… ಎರಡೂ ಒಂದೇ ಎಂಬ ಇಕ್ಕಟ್ಟನ್ನು ತಪ್ಪಿಸಲೆಂದೇ 0 ಮತ್ತು 9ನ್ನು ಮುಟ್ಟಿಲ್ಲ. ಪಾಠ ಹೇಳುವವರು ಬಹಳಷ್ಟು ಸಲ ಇದನ್ನು ಹಾರಿಸಿಬಿಡುತ್ತಾರೆ.) ಅದನ್ನು ಸೇರಿಸಿಕೊಂಡಿರೋ, ಅದು ಬೇರೊಂದು ಪಟ್ಟಿಯಾಯಿತು, ಅದಕ್ಕೆ ಅದರದೇ ಕರ್ಣವಿದೆ.

ಕದ್ರಿ, ಮಂಗಳೂರು:
ಇದೇ ವಾದದಿಂದ ಭಿನ್ನರಾಶಿಗಳ ಪಂಕ್ತಿಯೂ ಕೆಡಬೇಕಲ್ಲವೇ ಎಂದು ಮಗಳು ಕೇಳದಿರಲಾರಳು. ಕೆಡುವುದಿಲ್ಲ. ಅಲ್ಲಿ ಕರ್ಣದಿಂದ ಹುಟ್ಟುವ ಸಂಖ್ಯೆಯ ಅಂಕಿಗಳು ಒಂದೇ ಕ್ರಮದಲ್ಲಿ ಮರುಕಳಿಸುವುದಿಲ್ಲ, ಎಂದರೆ ಅದು ಭಿನ್ನರಾಶಿಯೇ ಅಲ್ಲ, ಆ ಪಂಕ್ತಿಯಲ್ಲಿ ಎಲೆ ಕೇಳುವ ಹಕ್ಕು ಅದಕ್ಕಿಲ್ಲ. √2ರಂತೆ ಪೂರ್ಣಾಂಕಗಳ ಸಹಗುಣಕವಿರುವ ಸಮೀಕರಣಕ್ಕೆ ಉತ್ತರವಾಗುವ ಬೀಜೀಯ ಸಂಖ್ಯೆಗಳನ್ನೂ ಹೀಗೆಯೇ ಕೂರಿಸಬಹುದೆಂದು ಕ್ಯಾಂಟರ್ 1874ರಲ್ಲೇ ತೋರಿಸಿದ್ದರು. ಆ ಪಂಕ್ತಿಯಲ್ಲಿ πಗೆ ಎಲೆಯಿಲ್ಲವೆಂಬುದನ್ನು ಮಾತ್ರ ಲಿಂಡೆಮನ್ 1882ರಲ್ಲಿ ಬೇರೆಯೇ ದಾರಿಯಿಂದ ಸಾಧಿಸಬೇಕಾಯಿತು.