ಕರೆಂಟು ಹೋಗಿ ಬಂದರೂ ನೆಲಕ್ಕೆ ನೀರು ಚೆಲ್ಲದ ಓವರ್‌ಫ್ಲೋ ಪೆಟ್ಟಿಗೆ ಯಾವುದು?

ಕೋರಿಕೆ, ತುಮಕೂರು: ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಕಟ್ಟಿಸಿ, ಅದರಲ್ಲಿ ಉಪ್ಪುನೀರಿನ ಮೀನುಗಳನ್ನೂ ಕೆಲವು ಮೃದು ಹವಳಗಳನ್ನೂ ಸಾಕಬೇಕೆಂದಿದ್ದೇನೆ. ಸ್ಟ್ಯಾಂಡಿನ ಕೆಳಗೆ ಸಂಪ್, ಅಂದರೆ ನೀರನ್ನು ಸೋಸಿ ಪಂಪಿನಿಂದ ಮತ್ತೆ ಮೇಲೇರಿಸುವ ಎರಡನೆಯ ತೊಟ್ಟಿ, ಇಡುವುದು ನಿಶ್ಚಯವಾಗಿದೆ. ಮೇಲಿನ ನೀರನ್ನು ಕೆಳಗಿಳಿಸಲು, ಗಾಜಿನ ಅಂಚಿಗೆ ನೇತುಹಾಕುವ ಸೈಫನ್ ಪೆಟ್ಟಿಗೆ ಸಾಕೇ, ಅಥವಾ ಗಾಜನ್ನು ಕೊರೆಸಿಯೇ ಪೆಟ್ಟಿಗೆ ಕೂರಿಸಬೇಕೇ? ಕೊರೆಸಿದರೆ ಗಾಜು ಒಡೆಯುತ್ತದೆಂದು ಮನೆಯಲ್ಲಿ ಭಯಪಡುತ್ತಿದ್ದಾರೆ. ನಮ್ಮ ಬಡಾವಣೆಯಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುತ್ತದೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ, ತುಮಕೂರು: ನೀವು ಕೊನೆಯಲ್ಲಿ ಬರೆದ ಕರೆಂಟಿನ ಮಾತಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ನಮ್ಮ ಊರಿನಲ್ಲಿ ಪೆಟ್ಟಿಗೆಯನ್ನು ಆರಿಸುವಾಗ ಅದು ಎಷ್ಟು ನೀರನ್ನು ಇಳಿಸುತ್ತದೆ ಎನ್ನುವುದಕ್ಕಿಂತ, ಪಂಪು ನಿಂತು ಮತ್ತೆ ಶುರುವಾದಾಗ ಯಾರ ಸಹಾಯವೂ ಇಲ್ಲದೆ ಮೊದಲಿನಂತೆ ಕೆಲಸ ಮಾಡುತ್ತದೆಯೇ ಎನ್ನುವುದನ್ನು ನೋಡಬೇಕು. ಆದ್ದರಿಂದ ಕೊರೆಸಿರಿ.

ನಾನು ಮೊದಲ ಎರಡು ವರ್ಷ ನೇತುಹಾಕುವ ಪೆಟ್ಟಿಗೆಯನ್ನೇ ಬಳಸಿದೆ. ಅದರಲ್ಲಿ ನೀರು ಒಳಗಿನ ಪೆಟ್ಟಿಗೆಯಿಂದ ತಲೆಕೆಳಗಾದ ಯು ಆಕಾರದ ಕೊಳವೆಯೊಂದರ ಮೂಲಕ ಅಂಚನ್ನು ಹತ್ತಿ ಹೊರಗಿನ ಪೆಟ್ಟಿಗೆಗೆ ಇಳಿಯುತ್ತದೆ; ಇದೇ ಸೈಫನ್. ಕರೆಂಟು ಹೋದರೂ ಎರಡು ಪೆಟ್ಟಿಗೆಗಳಲ್ಲಿ ನೀರು ಉಳಿಯುವುದರಿಂದ ಸೈಫನ್ ಕಡಿಯುವುದಿಲ್ಲ, ನಿಜ. ಆದರೆ ನೀರಿನ ಜೊತೆ ಬರುವ ಸಣ್ಣ ಗುಳ್ಳೆಗಳು ಕೊಳವೆಯ ಬಾಗಿನ ನೆತ್ತಿಯಲ್ಲಿ ಒಂದೊಂದಾಗಿ ಸೇರಿಕೊಳ್ಳುತ್ತವೆ. ಹರಿವು ನಿಧಾನವಾಗಿದ್ದರೆ ಅವು ಕೊಚ್ಚಿಹೋಗುವುದಿಲ್ಲ. ನನ್ನ ಕೊಳವೆಯಲ್ಲಿ ಹೆಬ್ಬೆರಳಿನಷ್ಟು ಗಾಳಿ ನಿಂತಿದ್ದನ್ನು ನಾನು ಕಂಡಿದ್ದೆ, ನಾಳೆ ತೆಗೆದರಾಯಿತೆಂದು ಬಿಟ್ಟಿದ್ದೆ. ಆ ರಾತ್ರಿ ಕರೆಂಟು ಹೋಗಿ ಬಂತು, ಸೈಫನ್ ಹಿಡಿಯಲಿಲ್ಲ, ಪಂಪು ಮಾತ್ರ ತನ್ನ ಕೆಲಸ ಮಾಡಿತು. ಸಂಪಿನ ಕೊನೆಯ, ಪಂಪಿರುವ ಕೋಣೆಯಲ್ಲಿದ್ದ ಸುಮಾರು 25 ಲೀಟರ್ ನೀರು ಮೇಲೇರಿತು. ನನ್ನದೂ ನಿಮ್ಮ ಅಳತೆಯ ತೊಟ್ಟಿಯೇ ಆದ್ದರಿಂದ ಲೆಕ್ಕ ಹೇಳುತ್ತೇನೆ: ಇದರಲ್ಲಿ ಒಂದು ಸೆಂಟಿಮೀಟರ್ ಎತ್ತರವೆಂದರೆ ಸುಮಾರು ಐದೂವರೆ ಲೀಟರ್. ಮೇಲೆ ಖಾಲಿ ಇದ್ದದ್ದು ಮೂರು ಸೆಂಟಿಮೀಟರ್. ಹದಿನಾರು ಹದಿನೇಳು ಲೀಟರ್ ಹಿಡಿಸಿತು, ಉಳಿದದ್ದು ನೆಲಕ್ಕೆ ಬಂತು. ಬೆಳಿಗ್ಗೆ ಎದ್ದಾಗ ನೀರಿಲ್ಲದೆ ಓಡುತ್ತಿದ್ದ ಪಂಪಿನ ಸದ್ದು ಕೇಳಿಸಿತು. ಸ್ಟ್ಯಾಂಡಿನ ಮರದ ಕಾಲುಗಳ ಸುತ್ತ ಬಿಳಿ ಉಪ್ಪಿನ ಗೆರೆ ಮೂಡಿತ್ತು.

ಈಗ ಇರುವುದು ತೊಟ್ಟಿಯ ಹಿಂಬದಿಯ ಗಾಜನ್ನು ಕೊರೆಸಿ ಕೂರಿಸಿದ ಪೆಟ್ಟಿಗೆ. ಅದರಲ್ಲಿ ಎರಡು ಒಂದಿಂಚಿನ ಕೊಳವೆಗಳಿವೆ; ಈ ಏರ್ಪಾಡಿಗೆ ಹರ್ಬಿ ವಿಧಾನವೆನ್ನುತ್ತಾರೆ. ಒಂದರಲ್ಲಿ ಪೂರ್ತಿ ನೀರು ತುಂಬಿ ಸದ್ದಿಲ್ಲದೆ ಇಳಿಯುತ್ತದೆ, ಅದರ ಹರಿವನ್ನು ಗೇಟ್ ವಾಲ್ವಿನಿಂದ ಹೊಂದಿಸುತ್ತೇವೆ. ಇನ್ನೊಂದರ ಬಾಯಿ ಸ್ವಲ್ಪ ಮೇಲಿರುತ್ತದೆ. ಮೊದಲನೆಯದು ಕಟ್ಟಿಕೊಂಡರೆ ಇಡೀ ಹರಿವನ್ನು ಅದೊಂದೇ ಹೊರಬೇಕು, ಅದಕ್ಕೆ ವಾಲ್ವು ಹಾಕಲೇಬಾರದು. ಕರೆಂಟು ಬಂದ ಒಂದೆರಡು ನಿಮಿಷ ಗೊಳಗೊಳ ಸದ್ದು ಮಾಡಿ, ಗಾಳಿಯೆಲ್ಲ ಹೊರಹೋದ ಮೇಲೆ ತಾನಾಗಿಯೇ ಸುಮ್ಮನಾಗುತ್ತದೆ. ಹಾಗಾಗಬೇಕಾದರೆ ಮೊದಲ ಕೊಳವೆಯ ಕೆಳತುದಿ ಸಂಪಿನ ನೀರಿನಲ್ಲಿ ಒಂದಿಂಚಿಗಿಂತ ಹೆಚ್ಚು ಮುಳುಗಿರಬಾರದು. ಮೂರು ಕೊಳವೆಗಳ ಬೀನ್ ಅನಿಮಲ್ ವಿಧಾನ ಇನ್ನೂ ಭದ್ರವಾದದ್ದು. ಆದರೆ ನಿಮ್ಮ 255 ಲೀಟರಿನ ತೊಟ್ಟಿಗೆ ಗಂಟೆಗೆ 1,200 ಲೀಟರಿನಷ್ಟು ಹರಿವು ಸಾಕಾಗುವುದರಿಂದ ಎರಡೇ ಸಾಲುತ್ತವೆ ಎಂಬುದು ನನ್ನ ಅಭಿಪ್ರಾಯ.

ಗಾಜಿನ ಭಯಕ್ಕೆ ಪರಿಹಾರ ಸುಲಭ. ಹೊಸದಾಗಿ ಕಟ್ಟಿಸುತ್ತಿದ್ದೀರಲ್ಲ, ಗಾಜನ್ನು ಅಂಟಿಸುವ ಮುಂಚೆಯೇ ಅಂಗಡಿಯಲ್ಲಿ ಕೊರೆಸಿಬಿಡಿ. ಒಡೆದರೂ ಹೋಗುವುದು ಒಂದು ಹಲಗೆ ಮಾತ್ರ. ಮೊದಲು ಟ್ಯಾಂಕ್ ನಿಪ್ಪಲ್ (ರಂಧ್ರದಲ್ಲಿ ಕೂರಿಸಿ ಕೊಳವೆ ಜೋಡಿಸುವ ತುಂಡು) ತಂದು, ಅದರ ತಿರುಪಿನ ಮರೆಯ ಹೊರವ್ಯಾಸ ಅಳೆದು, ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡ ರಂಧ್ರ ಹೇಳಿರಿ. ರಂಧ್ರದಿಂದ ಗಾಜಿನ ಅಂಚಿಗೆ ರಂಧ್ರದ ಅಗಲದಷ್ಟಾದರೂ ಜಾಗ ಬಿಡಿಸಿರಿ.

ಉತ್ತರ, ತಿಪಟೂರು: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಾದರೆ ಕೊರೆಯುವ ಪ್ರಶ್ನೆಯೇ ಇಲ್ಲ, ಇಡೀ ಹಲಗೆ ಪುಡಿಯಾಗುತ್ತದೆ. ಗಾಜಿನ ಹಿಂದೆ ಲ್ಯಾಪ್‌ಟಾಪಿನ ಬಿಳಿ ಪರದೆಯನ್ನಿಟ್ಟು ಪೋಲರಾಯ್ಡ್ ಕನ್ನಡಕದಿಂದ ನೋಡಿರಿ. ಕಪ್ಪು ಛಾಯೆಯ ಪಟ್ಟೆಗಳು ಕಂಡರೆ ಅದು ಟಫನ್ಡ್. ನನ್ನದು ಅಂಥದ್ದೇ ಆದ್ದರಿಂದ ನಾನು ಸೈಫನ್ ಪೆಟ್ಟಿಗೆಯಲ್ಲೇ ನಿಭಾಯಿಸುತ್ತಿದ್ದೇನೆ. ಪಂಪಿರುವ ಕೋಣೆಯನ್ನು ಚಿಕ್ಕದು ಮಾಡಿಸಿ, ಅದರ ನೀರು ಪೂರ್ತಿ ಮೇಲೇರಿದರೂ ತೊಟ್ಟಿಯಲ್ಲಿ ಹಿಡಿಸುವಂತೆ ಅಳತೆ ಇಟ್ಟಿದ್ದೇನೆ. ಎರಡು ಸಲ ಸೈಫನ್ ಕೈಕೊಟ್ಟಿದೆ, ಒಂದು ಹನಿಯೂ ಚೆಲ್ಲಿಲ್ಲ.

ಉತ್ತರ, ಶಿರಾ: ಪ್ಲಂಬಿಂಗ್ ಅಂಗಡಿಯಲ್ಲಿ ಗೇಟ್ ವಾಲ್ವು ಕೇಳಿದರೆ ಹಿತ್ತಾಳೆಯದನ್ನೇ ಕೈಗಿಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರವಿದೆ, ಉಪ್ಪುನೀರು ಅದನ್ನು ಕರಗಿಸುತ್ತದೆ. ಹವಳ, ಸೀಗಡಿ, ಬಸವನಹುಳುಗಳಿಗೆ ಅದು ವಿಷ. ವಾಲ್ವೂ ನಿಪ್ಪಲೂ ಪ್ಲಾಸ್ಟಿಕ್ಕಿನದೇ ಆಗಿರಲಿ. ಕೊಳವೆಗಳ ಬಾಯಿಗೆ ಜಾಲರಿಯನ್ನೂ ಹಾಕಿರಿ. ನನ್ನ ಕೊಳವೆಯೊಳಗೆ ಒಂದು ಬಸವನಹುಳು ಹೋಗಿ ಕುಳಿತು ಹರಿವು ಅರ್ಧಕ್ಕಿಳಿದಿತ್ತು.

ಕೇಳಿದವರು: ಎಲ್ಲರಿಗೂ ವಂದನೆಗಳು. ಸಾಧಾರಣ ಗಾಜಿಗೇ ಹೇಳಿದ್ದೇನೆ, ಅಂಟಿಸುವ ಮುಂಚೆ ಎರಡು ರಂಧ್ರ ಹಾಕಿಕೊಡಲು ಒಪ್ಪಿದ್ದಾರೆ. ಇನ್ನೊಂದು ಸಂದೇಹ: ಕರೆಂಟು ಹೋದಾಗ ಸಂಪು ತುಂಬಿ ಹರಿಯುವುದಿಲ್ಲವೇ?

ಉತ್ತರ, ತುಮಕೂರು: ಪೆಟ್ಟಿಗೆಯ ಮೇಲಂಚಿನ ಹಲ್ಲುಗಳ (ನೀರು ಒಳಬರುವ ಸಂದುಗಳ) ಮಟ್ಟಕ್ಕೆ ಬಂದ ಮೇಲೆ ನೀರು ಇಳಿಯುವುದು ನಿಲ್ಲುತ್ತದೆ. ಆದರೆ ಪಂಪಿನಿಂದ ಮೇಲೆ ಬರುವ ಕೊಳವೆಯ ತುದಿ ನೀರಿನಲ್ಲಿ ಆಳಕ್ಕಿದ್ದರೆ ಆ ದಾರಿಯಿಂದಲೇ ನೀರು ಹಿಂದಕ್ಕೆ ಇಳಿಯುತ್ತದೆ. ಐದು ಸೆಂಟಿಮೀಟರ್ ಆಳವಿದ್ದರೆ 27 ಲೀಟರಿಗೂ ಹೆಚ್ಚು. ತುದಿಯನ್ನು ಮೇಲ್ಮಟ್ಟದ ಹತ್ತಿರವೇ ಇಡಿರಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಆ ಕೊಳವೆಗೆ ಒಂದು ಸಣ್ಣ ತೂತು ಕೊರೆಯಿರಿ. ನೀರು ಅಲ್ಲಿಗಿಳಿದೊಡನೆ ಗಾಳಿ ಹೊಕ್ಕು ಸೈಫನ್ ಕಡಿಯುತ್ತದೆ. ತೂತಿನಲ್ಲಿ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿಯಿಂದ ಬಿಡಿಸಿರಿ. ಮೀನು ಬಿಡುವ ಮೊದಲು, ಬರಿಯ ನಲ್ಲಿ ನೀರು ತುಂಬಿಸಿ, ಹಗಲಿನಲ್ಲಿ ಹತ್ತು ಸಲವಾದರೂ ಪಂಪಿನ ಸ್ವಿಚ್ಚು ಆರಿಸಿ ಹಾಕಿ, ಪ್ರತಿ ಸಲವೂ ಸಂಪಿನ ನೀರು ಎಲ್ಲಿಗೆ ಏರಿತೆಂದು ಗಾಜಿನ ಮೇಲೆ ಗುರುತು ಮಾಡಿರಿ.